ನಮ್ಮ ಶೆಡ್ಡಿಗೆ ಬಂದ ವಿದೇಶಿ ಬಂಡವಾಳ

ಅನೀಸ್: ಯಾಕೆ ಖಾಲಿ ಮಾಡ್ಬೇಕು, ಅದನ್ನ ಮೊದ್ಲು ಹೇಳಿ ಅಣ್ಣ. ಬಾಡಿಗೆ ನಿಲ್ಸಿದ್ನಾ? ಗಲಾಟೆ ಮಾಡಿದ್ನಾ?

ಮುನಿಕೃಷ್ಣಪ್ಪ: ನಿಂದು ಒಂಚೂರೂ ತಪ್ಪಿಲ್ಲ ಕಣಯ್ಯ. ನೀನು ಲೋಕಲ್ಲು, ಅಷ್ಟೇ.

ಕೆ.ಆರ್. ಪುರದ ಹಳೇ ಊರಿನ ಸಂದಿಯಲ್ಲಿ ನಮ್ಮ ಮನೆ. ಹಿತ್ತಲಲ್ಲಿರುವ ಶೆಡ್ಡು ನಮ್ಮ ಯಜಮಾನರು ಕಟ್ಟಿಸಿದ್ದು. ಗಾರೆ ಇನ್ನೂ ಹಸಿಯಿದ್ದಾಗ ಪಕ್ಕದ ಮನೆಯ ಕರು ನುಗ್ಗಿ ಮೈ ಉಜ್ಜಿದ ಗುರುತು ಆ ಗೋಡೆಯ ಮೇಲೆ ಇವತ್ತಿಗೂ ಹಾಗೇ ಇದೆ. ಯಜಮಾನರು ಹೋದ ಮೇಲೆ ಅನೀಸ್ ಅಲ್ಲಿ ಲೇತ್ ಮಿಷನ್ ಇಟ್ಟುಕೊಂಡು ಬೋಲ್ಟು, ಬುಷ್ಷು ಮಾಡುತ್ತಾನೆ. ಮುನಿಕೃಷ್ಣಪ್ಪ ನನ್ನ ಮೈದುನ. ಫ್ಯಾಕ್ಟರಿಯಿಂದ ರಿಟೈರಾದವನು ಟೀವಿಯಲ್ಲಿ ಹೂಡಿಕೆದಾರರ ಸಮಾವೇಶ ನೋಡಿ ನೋಡಿ, ನಮ್ಮ ಶೆಡ್ಡಿಗೂ ಜಪಾನಿನಿಂದ ವಿದೇಶಿ ಬಂಡವಾಳ ತರಿಸಿಯೇ ಸಿದ್ಧ ಅಂತ ಹಟ ಹಿಡಿದು ಕೂತಿದ್ದ.

ನಾನು: ಅದು ಬರೋಕೆ ಏನೇನು ಬೇಕಂತಪ್ಪ?

ಮುನಿಕೃಷ್ಣಪ್ಪ: ಮೊದ್ಲು ಸ್ಥಿರ ಸರ್ಕಾರ. ಇಲ್ಲಿ ಯಾರ ಮಾತು ನಡೀತದೆ ಅಂತ ನೋಡ್ತಾರೆ ಜಪಾನಿನೋರು.

ನಾನು: ನಂದು.

ಮುನಿಕೃಷ್ಣಪ್ಪ: ಐದು ವರ್ಷ ಆದ್ಮೇಲೆ?

ನಾನು: ಆಗ್ಲೂ ನಂದೇ. ಯಾಕೆ, ನನ್ನ ಕಳ್ಸೋಕೆ ದಿನ ನೋಡಿಸಿದೀಯಾ?

ಮುನಿಕೃಷ್ಣಪ್ಪ: ಅಯ್ಯೋ ಬಿಡ್ತು ಅನ್ನಿ ಅತ್ತಿಗೆ. ನೀವಿದ್ರೆ ಒಳ್ಳೇದೇ. ಆದ್ರೆ ಸರ್ಕಾರ ನೀತಿ ಬದಲಾಯಿಸ್ಬಾರ್ದು. ಗೇಟಿಗೆ ಬೀಗ ಎಂಟಕ್ಕೆ ಅಂತೀರಿ, ಧಾರಾವಾಹಿ ಶುರುವಾಗೋ ಹೊತ್ತಾಯ್ತು ಅಂತ ಏಳಕ್ಕೇ ಜಡಿದುಬಿಡ್ತೀರಿ.

ಅನೀಸ್: ನಾನು ಕಾಂಪೌಂಡ್ ಹಾರ್ಕೊಂಡು ಹೋಗ್ತೀನಲ್ಲ ಅಣ್ಣ, ಒಂದಿನಾನಾದ್ರೂ ಕೇಳಿದ್ನಾ?

ಮುನಿಕೃಷ್ಣಪ್ಪ: ನೀನು ಹಾರ್ತೀಯ. ಜಪಾನಿನೋರು ಹಾರ್ತಾರಾ?

ಅನೀಸ್ ನನ್ನ ಮುಖ ನೋಡಿದ. ನಾನು ಬಿಡಿಸುತ್ತಿದ್ದ ಅವರೆಕಾಯಿಯ ಕಡೆ ನೋಡಿದೆ.

ಮುನಿಕೃಷ್ಣಪ್ಪ: ಆಮೇಲೆ ಮೂಲಸೌಕರ್ಯ. ಸೋರೋ ಸೂರಿಗೆ ಹೊಸ ಶೀಟು. ಲಾರಿ ಬರೋ ಹಂಗೆ ಮೋರಿ ಮೇಲೆ ಕಲ್ಲು ಚಪ್ಪಡಿ. ಶೆಡ್ಡಿಗೇ ಅಂತ ಬೇರೆ ಕರೆಂಟ್ ಲೈನು.

ಅನೀಸ್: ಅರೆ! ಆ ಶೀಟು ಹಾಕ್ಸಿ ಅಂತ ನಾನು ಎಷ್ಟು ಸಲ ಕೇಳ್ಕೊಂಡಿಲ್ಲ? ಮಳೆ ಬಂದ್ರೆ ಛತ್ರಿ ಮಿಷನ್‌ಗೆ ಹಿಡಿದು ನಾನು ನೆನೀತೀನಿ.

ಮುನಿಕೃಷ್ಣಪ್ಪ: ನೀನು ಕೇಳಿದ್ರೆ ಅದು ಖರ್ಚು. ಅವರು ಕೇಳಿದ್ರೆ ಮೂಲಸೌಕರ್ಯ.

ನಾನು: ಬಾಡಿಗೆ?

ಮುನಿಕೃಷ್ಣಪ್ಪ: ಮೊದಲ್ನೇ ವರ್ಷ ಬಾಡಿಗೆ ಇಲ್ಲ ಅತ್ತಿಗೆ. ಅದು ರಿಯಾಯಿತಿ.

ನಾನು: ಬಾಡಿಗೆ ಕೊಡೋನ್ನ ಓಡಿಸಿ, ಕೊಡದೇ ಇರೋನ್ನ ಕರ್ಕೊಂಡ್ಬಂದು ಕೂರ್ಸೋದಾ?

ಮುನಿಕೃಷ್ಣಪ್ಪ: ಅದಕ್ಕೇ ಆಕರ್ಷಣೆ ಅನ್ನೋದು. ಇನ್ನೊಂದು ಬೇಕು, ಕಡಿಮೆ ಸಂಬಳಕ್ಕೆ ಕೆಲಸ ಬಲ್ಲ ಜನ. ಅದಂತೂ ನಮ್ಮಲ್ಲಿ ರೆಡಿ ಐತೆ.

ಅನೀಸ್: ಯಾರು?

ಮುನಿಕೃಷ್ಣಪ್ಪ: ನೀನೇ. ಖಾಲಿ ಮಾಡಿ ಗೇಟ್ ಹತ್ರ ನಿಂತಿರು. ಅವರೇ ಕರ್ದು ಕೆಲಸ ಕೊಡ್ತಾರೆ.

ಅನೀಸ್ ಗೇಟಿನ ಕಡೆ ತಿರುಗಿ ನೋಡಿದ. ನಾನೇ ಬಾಯಿ ಹಾಕಿದೆ.

ನಾನು: ಬರೋ ಜಪಾನಿನೋರ ಹೆಸರೇನಪ್ಪ?

ಮುನಿಕೃಷ್ಣಪ್ಪ: ಅದು... ಇನ್ನೂ ಯಾರು ಅಂತ ಗೊತ್ತಾಗಿಲ್ಲ. ಮೊದ್ಲು ನಾವು ತಯಾರಾಗಿರ್ಬೇಕು. ಗಂಡು ಗೊತ್ತಾಗೋಕೆ ಮುಂಚೇನೇ ಹುಡುಗಿಗೆ ಹೂ ಮುಡಿಸಲ್ವಾ?

ನಾನು: ಮುಡಿಸ್ತಾರೆ. ಇರೋ ಗಂಡನ್ನ ಓಡಿಸಿ ಮುಡಿಸಲ್ಲ.

ಅಷ್ಟರಲ್ಲಿ ಅನೀಸ್ ಫೋನು ಹಿಡಿದು ನುಗ್ಗೆ ಮರದ ಕೆಳಗೆ ಹೋದ. ಅವರ ಭಾಷೆಯಲ್ಲಿ ಜೋರಾಗಿ ಮಾತಾಡಿದ, ನಕ್ಕ, ಮತ್ತೆ ಮಾತಾಡಿದ. ವಾಪಸ್ಸು ಬಂದವನು, ಯಾವತ್ತೂ ಕಲ್ಲಿನ ಮೇಲೆ ಕೂರುವವನು, ಕುರ್ಚಿ ಎಳೆದುಕೊಂಡು ಕೂತ.

ಅನೀಸ್: ಸರಿ ಅಣ್ಣ. ಇವತ್ತೇ ಖಾಲಿ ಮಾಡ್ತೀನಿ.

ನನ್ನ ಕೈಯಲ್ಲಿದ್ದ ಅವರೆಕಾಯಿ ಜಾರಿತು. ಬೆಳಿಗ್ಗೆ ಆ ಲೇತಿನ ಸದ್ದು ಕೇಳದಿದ್ದರೆ ನನಗೆ ಹೊತ್ತು ಹುಟ್ಟಿದ್ದೇ ತಿಳಿಯುವುದಿಲ್ಲ.

ಅನೀಸ್: ಸಾಯಂಕಾಲ ವಾಪಸ್ ಬರ್ತೀನಿ. ನಮ್ಮಕ್ಕನ ಗಂಡ ದುಬೈನಲ್ಲಿ ಸ್ಪೇರ್ ಪಾರ್ಟ್ಸ್ ಕಂಪನಿ ಇಟ್ಟಿದಾರೆ. ಅದರ ಬ್ರಾಂಚು ಇಲ್ಲಿ ಓಪನ್ ಆಗುತ್ತೆ. ಮ್ಯಾನೇಜರ್ ನಾನು.

ಮುನಿಕೃಷ್ಣಪ್ಪ: ಮಿಷನ್ನು?

ಅನೀಸ್: ಇದೇ.

ಮುನಿಕೃಷ್ಣಪ್ಪ: ಮಾಲು?

ಅನೀಸ್: ಅದೇ ಬೋಲ್ಟು.

ಮುನಿಕೃಷ್ಣಪ್ಪ: ಹಂಗಾದ್ರೆ ಬದಲಾಗಿದ್ದೇನಯ್ಯಾ?

ಅನೀಸ್: ನಾನು. ಬೆಳಿಗ್ಗೆ ಲೋಕಲ್ ಇದ್ದೆ, ಈಗ ವಿದೇಶಿ ಬಂಡವಾಳ. ಶೀಟು ಯಾವಾಗ ಹಾಕ್ತೀರಿ?

ಮುನಿಕೃಷ್ಣಪ್ಪ: ಅತ್ತಿಗೆ, ಇದು ಮೋಸ! ಬಂಡವಾಳ ಅಂದ್ರೆ ಹೊರದೇಶದಿಂದ ಬರ್ಬೇಕು!

ಅನೀಸ್: ಬರುತ್ತೆ ಅಣ್ಣ. ಭಾವ ಹಬ್ಬಕ್ಕೆ ಬರ್ತಾರೆ, ಸೂಟ್‌ಕೇಸ್ ಸಮೇತ. ನಿಮ್ಗೆ ಖರ್ಜೂರಾನೂ ಇರುತ್ತೆ.

ಮುನಿಕೃಷ್ಣಪ್ಪ: ಖರ್ಜೂರ ಯಾರಿಗೆ ಬೇಕು? ನನಗೆ ಜಪಾನ್ ಬೇಕು.

ನಾನು: ನಿನ್ನ ಜಪಾನಿಗೆ ಹೆಸರೇ ಇಲ್ಲ. ಇವನ ದುಬೈ ಫೋನಲ್ಲಿ ಮಾತಾಡ್ತು, ನನ್ನ ಕಿವಿಯಾರೆ ಕೇಳಿದೀನಿ. ಸರ್ಕಾರ ಒಪ್ಪಿದೆ. ಆದ್ರೆ ಅನೀಸ್, ಶೀಟು ಫಾರಿನ್ನು, ಬಾಡಿಗೆ ಮಾತ್ರ ಲೋಕಲ್ಲು. ತಿಳೀತಾ?

ಅನೀಸ್: ಆಯ್ತಮ್ಮಾ. ದುಬೈನೋರು ಅಷ್ಟು ಹೊಂದ್ಕೊಂಡು ಹೋಗ್ತಾರೆ.

ಭಾನುವಾರ ಹೊಸ ಶೀಟು ಬಂದವು. ಹಾಕುವ ಆಳು ಕೈಕೊಟ್ಟಿದ್ದರಿಂದ ಮುನಿಕೃಷ್ಣಪ್ಪನೇ ಸುತ್ತಿಗೆ ಹಿಡಿದು ಏಣಿ ಹತ್ತಿದ. ಒಳಗೆ ದುಬೈ ಕಂಪನಿಯ ಮ್ಯಾನೇಜರು ಕಾಲು ಚಾಚಿಕೊಂಡು ನನ್ನ ಕೈಯ ಕಾಫಿ ಕುಡಿಯುತ್ತಿದ್ದ. ಸದ್ದು ಕೇಳಿ, ನಮ್ಮ ಸಂದಿಯ ಬಾಯಲ್ಲಿ ಹೂ ಮಾರುವ ಜಟ್ಟೆಮ್ಮ ಒಳಗೆ ಬಂದಳು. ವಿಷಯ ಎಲ್ಲಾ ಅವಳಿಗೆ ಆಗಲೇ ಗೊತ್ತಾಗಿತ್ತು.

ಜಟ್ಟೆಮ್ಮ: ಅಕ್ಕಾ, ನನ್ ಸೊಸೆ ಕುವೈತ್‌ನಾಗೆ ಅಡುಗೆ ಕೆಲ್ಸಕ್ಕವಳೆ. ಲೆಕ್ಕಕ್ಕೆ ನಾನೂ ವಿದೇಶದೋಳೇ ಆಯ್ತು. ನನ್ ಹೂವಿನ್ ಬುಟ್ಟಿ ಮೇಲೂ ಒಂದು ಶೀಟು ಹಾಕ್ಸು.

ಮುನಿಕೃಷ್ಣಪ್ಪ ಮೇಲಿಂದಲೇ ಕೂಗಿದ.

ಮುನಿಕೃಷ್ಣಪ್ಪ: ಹಿಂಗೇ ಆದ್ರೆ ಈ ಬೀದೀಲಿ ಲೋಕಲ್ ಅನ್ನೋರು ಒಬ್ರೂ ಉಳಿಯಲ್ಲ ಅತ್ತಿಗೆ!

ನಾನು: ನೀನಿದೀಯಲ್ಲಪ್ಪ, ಏಣಿ ಮೇಲೆ. ಇಳಿದ ತಕ್ಷಣ ಹೋಗಿ ಅವಳ ಜಾಗಾನೂ ಅಳತೆ ತಗೊಂಡ್ಬಾ.