ಭಾವನ ಬಂದೂಕಿನ ಸಡಿಲ ಸ್ಕ್ರೂ

ನಮ್ಮ ಭಾವ ಬಂದೂಕು ಹಿಡಿದಾಗ ಅತ್ಯಂತ ಸುರಕ್ಷಿತವಾಗಿರುವ ವಸ್ತು ಯಾವುದು ಗೊತ್ತೇ? ಅವರು ಗುರಿಯಿಟ್ಟ ವಸ್ತು!

ಭಾವ ಎಂದರೆ ನನ್ನ ಅಕ್ಕನ ಗಂಡ. ಧಾರವಾಡದವರು, ಈಗಿರುವುದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ. ಆ ಸಬರ್ಬಿನ ಉಳಿದ ಅಂಕಲ್‌ಗಳು ಶನಿವಾರ ಹುಲ್ಲು ಕತ್ತರಿಸಿ, ಮಾರ್ಟ್‌ಗೇಜ್ ನೆನೆದು ನಿಟ್ಟುಸಿರು ಬಿಟ್ಟು ತೃಪ್ತರಾಗುತ್ತಾರೆ. ಭಾವನಿಗೆ ಮಾತ್ರ ಶೂಟಿಂಗ್ ಕ್ಲಬ್ಬೇ ಬೇಕು! ಲೈಸೆನ್ಸ್ ಪಡೆದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ ಕಾರ್ಬೈನ್, ಅಂದರೆ ಗಿಡ್ಡ ನಳಿಗೆಯ ರೈಫಲ್ ತಂದರು. ಗುರಿ ನೋಡುವ ಹಿಂದಿನ ಸೈಟ್ ಮೊದಲ ದಿನದಿಂದಲೇ ಅಲ್ಲಾಡುತ್ತಿತ್ತು. (ಸೈಟ್ ಎಂದೊಡನೆ ಬೆಂಗಳೂರಿನವರು ಅಳತೆ ಕೇಳಬೇಡಿ!)

ಮೊದಲ ಶನಿವಾರ ನಾನೂ ನೋಡಲು ಹೋಗಿದ್ದೆ. ಹತ್ತು ಗುಂಡು ಹಾರಿಸಿದರು. ಅವರ ಗುರಿಯ ಕಾಗದದಲ್ಲಿ ಒಂದು ತೂತೂ ಇಲ್ಲ! ಪಕ್ಕದ ಸಾಲಿನ ಮುದುಕ ತನ್ನ ಕಾಗದ ನೋಡಿಕೊಂಡು ಬಂದವನೇ ಭಾವನ ಕೈ ಕುಲುಕಿದ. "ಥ್ಯಾಂಕ್ಸ್ ಮೇಟ್! ಮೈ ಬೆಸ್ಟ್ ಸ್ಕೋರ್ ಎವರ್!"

"ನನ್ನ ಗುರಿ ಬರೋಬ್ಬರಿ ಅದನೋ. ಸೈಟ್ ಅಳ್ಳಾಡ್ಲಿಕ್ಕತ್ತದ," ಎಂದರು ಭಾವ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೂ ಡೊಂಕೇ, ಕುಣಿಯುವವರೂ ಡೊಂಕೇ!

ಶುರುವಾಯಿತು ರಿಪೇರಿ. ತಲೆನೋವಿಗೂ ಬಾಗಿಲ ಕೀಲಿಗೂ ಒಂದೇ ಮದ್ದಾದ ಕೊಬ್ಬರಿ ಎಣ್ಣೆಯನ್ನು ಸ್ಕ್ರೂಗೆ ಬಿಟ್ಟರು. ಮೆಲ್ಬರ್ನಿನ ಜುಲೈ ಚಳಿಗೆ ಎಣ್ಣೆ ಹೆಪ್ಪುಗಟ್ಟಿ, ಸೈಟ್ ಬಂಡೆಯಂತೆ ಕೂತಿತು. "ನೋಡು, ಇದಕ್ಕ ಅನುಭವ ಅಂತಾರ!" ಎಂದು ಅಕ್ಕನೆದುರು ಮೀಸೆ ತಿರುವಿದರು. ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ಹನ್ನೊಂದಕ್ಕೆ ಬಿಸಿಲು ಬಂತು. ಎಣ್ಣೆ ಕರಗಿತು, ಅನುಭವವೂ ಕರಗಿತು.

ಕೊನೆಗೆ ಕೈಹಾಕಿದ್ದು ಅವರ ಎಂಜಿನಿಯರ್ ಮಗಳು. ಅವಳೂ ಕ್ಲಬ್ಬಿನ ಸದಸ್ಯೆ. ಎಣ್ಣೆಯನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿ, ಸೈಟಿನಡಿಯ ಸಂದಿಗೆ ಕೂಲ್‌ಡ್ರಿಂಕ್ ಕ್ಯಾನಿನ ತಗಡಿನ ಚೂರು ಕೊಟ್ಟು ಬಿಗಿದಳು. ರೈಫಲನ್ನು ಮರಳಚೀಲದ ಮೇಲಿಟ್ಟು ಐದು ಗುಂಡು ಹಾರಿಸಿದಳು. ಐದೂ ಒಟ್ಟಿಗೆ, ಆದರೆ ಎಡಕ್ಕೆ. ಸೈಟನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಿದಳು. ಮುಂದಿನ ಐದು ನಟ್ಟನಡುವೆ!

ಮರುವಾರವೇ ಅವಳು ಸಿಡ್ನಿಗೆ, ಮ್ಯಾಕ್ವೆರಿ ಪಾರ್ಕ್‌ನ ಕೆಲಸಕ್ಕೆ ಹೋದಳು. ಮಗಳಿಲ್ಲದ ಶನಿವಾರ ಭಾವ ರೇಂಜಿನ ಕಡೆ ತಲೆಯನ್ನೂ ಹಾಕಲಿಲ್ಲ. ತಿಂಗಳಾಗುವುದರೊಳಗೆ ಫೋನು: "ಸೈಟ್ ಮತ್ತ ಲೂಸ್ ಆಗೇದವಾ. ಬಂದು ನೋಡ್ತೀಯೇನು?" ಬಂದಳು, ಬಿಗಿದಳು, ಅಪ್ಪನ ಜೊತೆ ಶನಿವಾರವಿಡೀ ಗುಂಡು ಹಾರಿಸಿ ಹೋದಳು. ಮುಂದಿನ ತಿಂಗಳೂ ಅದೇ ಕಥೆ. ಅದರ ಮುಂದಿನ ತಿಂಗಳೂ! ಇಂಥ ದರಿದ್ರ ಬಂದೂಕು ಜಗತ್ತಿನಲ್ಲಿ ಇನ್ನೊಂದಿದೆಯೇ?

ನನಗೆ ತಡೆಯಲಾಗಲಿಲ್ಲ. ಹೋದ ತಿಂಗಳು ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟಿನ ಟ್ಯೂಬ್ ಹಿಡಿದು ಗ್ಲೆನ್ ವೇವರ್ಲಿಯ ನನ್ನ ಮನೆಯಿಂದ ಭಾವನಲ್ಲಿಗೆ ಹೊರಟೆ. ಗ್ಯಾರೇಜಿನಲ್ಲಿ ಭಾವ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು.

"ಭಾವ, ಉಲ್ಟಾ ತಿರುಗಿಸ್ತಿದ್ದೀರಿ! ಇನ್ನೂ ಲೂಸ್ ಆಗುತ್ತೆ!"

ಬೆಚ್ಚಿ ತಲೆಯೆತ್ತಿದರು. "ಗೊತ್ತದನೋ. ನಾಳೆ ಅಕಿ ಬರ್ತಾಳ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಬಿಗಿ ಇದ್ರ, ಅಕಿ ಬಂದು ಏನ್ ಮಾಡ್ಬೇಕು?"

ನಾನು ಟ್ಯೂಬನ್ನು ಮೆಲ್ಲನೆ ಜೇಬಿಗೆ ಸೇರಿಸಿದೆ. ಅಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಮರುದಿನ ರೇಂಜಿನಲ್ಲಿ ಭಾವ ದೂರದ ಮೇಜಿನಲ್ಲಿ ಚಹಾ ಬಗ್ಗಿಸುತ್ತಿದ್ದರು. ನನ್ನ ಜೇಬಿನಿಂದ ಇಣುಕುತ್ತಿದ್ದ ಟ್ಯೂಬು ಮಗಳ ಕಣ್ಣಿಗೆ ಬಿತ್ತು.

"ಪ್ಲೀಸ್ ಮಾಮ, ಅದನ್ನ ಅಪ್ಪಂಗೆ ಕೊಡ್ಬೇಡಿ," ಎಂದಳು. "ಸ್ಕ್ರೂ ತಾನಾಗೇ ಲೂಸ್ ಆಗ್ತಿಲ್ಲ ಅಂತ ನಂಗೆ ಫಸ್ಟ್ ಟೈಮೇ ಗೊತ್ತಾಯ್ತು."

ಹಾಗೆಂದು ಸೈಟ್ ಬಿಗಿಯತೊಡಗಿದಳು. ಅಷ್ಟೇನೂ ಜೋರಾಗಿ ಅಲ್ಲ.