ಹೊನ್ನಜ್ಜನ ಫೋಟೋ ತೆಗೆಯಬೇಕು

ಫೋಟೋ ತೆಗೆಯುವ ದೇವಿದಾಸನನ್ನು ಪೇಚಿಗೆ ಸಿಕ್ಕಿಸಿದ್ದು ಅಂಕೋಲೆಯಿಂದ ಬಂದ ಒಂದು ಕಾರ್ಡು. ‘ಹೊನ್ನಜ್ಜನ ಫೋಟೋ ತೆಗೆಯಬೇಕು, ಕೂಡಲೇ ಬರುವುದು’ ಎಂದು ಅದರಲ್ಲಿ ಬರೆದಿತ್ತು.

ಅವನು ಅದನ್ನು ಅಣ್ಣ ಮಧುಕರನ ಮುಂದೆ ಹಿಡಿದ. ತಮ್ಮನನ್ನು ಕಾರವಾರದ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತನಾಗಿ ಸೇರಿಸಲು ಅಣ್ಣ ಆಗಲೇ ಮಾತಾಡಿಟ್ಟಿದ್ದ.

“ಮನುಷ್ಯ ಜನ್ಮದಲ್ಲಿ ಒಂದೇ ಸಲ ಫೋಟೋ ತೆಗೆಸೂದು. ಊರೆಲ್ಲ ಮುಗಿದ ಮೇಲೆ ನೀ ಎಂತ ಮಾಡ್ತೆ?” ಎಂಬುದು ಅವನ ಹಳೆಯ ಪ್ರಶ್ನೆ.

“ಹೊನ್ನಜ್ಜಂದು ಹೋದ ವರ್ಷ ತೆಗೆದು, ಜಗಲಿಯಲ್ಲಿ ನಾನೇ ತೂಗುಹಾಕಿ ಬಂದಿದ್ದೆ. ಈಗ ಮತ್ತೆ ಕರೀತಿದ್ದಾರೆ ನೋಡು, ಅಣ್ಣ.”

ಮಧುಕರ ತಬ್ಬಿಬ್ಬಾದ. “ಆಯ್ತು ಮಾರಾಯ. ಇವತ್ತು ಇನ್ನೊಬ್ಬ ಹೊಸ ಗಿರಾಕಿಯನ್ನ ಗೊತ್ತುಮಾಡ್ಕೊಂಡು ಬಾ, ನಾ ನಿನ್ನ ಸುದ್ದಿಗೆ ಬರೂದಿಲ್ಲ. ಇಲ್ಲಾಂದ್ರೆ ಸೋಮವಾರದಿಂದ ಡಿಪೋ.”

ಅಂಕೋಲೆಗೆ ಹೋಗುವ ಮೋಟಾರಿನಲ್ಲಿ ಕ್ಯಾಮೆರಾದ ಮುಕ್ಕಾಲಿ ಮೀನು ಮಾರುವವಳ ಬುಟ್ಟಿಗೆ ತಾಗಿ ಬೈಗುಳ ತಿಂದದ್ದಾಯಿತು. ಪೆಟ್ಟಿಗೆಯಲ್ಲೇನು ಎಂದು ಪಕ್ಕದವನೊಬ್ಬ ಕೇಳಿದ. ಗಾಜಿನ ಪ್ಲೇಟು ಎಂದರೆ, “ಎಂತಕೆ, ಅಂಕೋಲೆಯಲ್ಲಿ ಬಾಳೆಲೆ ಸಿಗೂದಿಲ್ವೋ?” ಎಂದ. ಫೋಟೋ ಮೂಡಿಸಲು ಇದ್ದದ್ದೇ ಎರಡು ಪ್ಲೇಟು. ಆ ಮಹಾರಾಯ ಇಳಿಯುವಾಗ ಪೆಟ್ಟಿಗೆಯ ಮೇಲೆ ಕಾಲಿಟ್ಟು ಒಂದನ್ನು ಮುಗಿಸಿಯೇ ಹೋದ.

ಹೊನ್ನಜ್ಜ ಇವನನ್ನು ಕಂಡವನೇ ಏನೋ ಹೇಳಲು ಬಾಯಿ ತೆರೆದ. “ಮಾತಾಡಬೇಡ ಅಜ್ಜ, ಮುಖ ಅಲುಗಾಡ್ತದೆ,” ಎಂದ ದೇವಿದಾಸ. “ಅದಲ್ಲ ಒಡೆಯಾ...” ಎನ್ನುತ್ತ ಬಂದ ಸೊಸೆ ಮಂಜಿಯನ್ನು ಬೆಳಕಿಗೆ ಅಡ್ಡ ಎಂದು ಸರಿಸಿದ.

ಕೆಲಸಕ್ಕೆ ನಿಂತರೆ ದೇವಿದಾಸ ಬೇರೆಯೇ ಮನುಷ್ಯ. ಅಜ್ಜನನ್ನು ಅಂಗಳದಲ್ಲಿ ಮೂರು ಕಡೆ ಕೂರಿಸಿ ನೋಡಿದ. ಬೇಕಾದ ಬೆಳಕಿಗಾಗಿ ಕಪ್ಪು ಬಟ್ಟೆಯೊಳಗೆ ಬೆವರು ಸುರಿಸುತ್ತ ಅರ್ಧ ತಾಸು ಕಾದ. ಎಪ್ಪತ್ತು ವರ್ಷ ಗದ್ದೆಯ ಬಿಸಿಲು ಆ ಮುಖದ ಮೇಲೆ ಎಳೆದ ಗೆರೆಗಳಲ್ಲಿ ಒಂದನ್ನೂ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಮೆಚ್ಚಬೇಕಾದ ಹಟ ಅದು. ಇಂಥವನಿಗೆ ಡಿಪೋದಲ್ಲಿ ಮರ ಎಣಿಸು ಎನ್ನುವವರು ಆಗ ಅವನನ್ನು ನೋಡಬೇಕಿತ್ತು.

“ಆಯ್ತು ಅಜ್ಜ,” ಎಂದು ಅವನು ಬಟ್ಟೆಯಿಂದ ತಲೆ ಹೊರತೆಗೆದ.

“ಇನ್ನು ಮಾತಾಡಬಹುದೋ, ಒಡೆಯಾ? ನಾ ಕರೆಸಿದ್ದು ಹೊಸದು ತೆಗೀಲಿಕ್ಕಲ್ಲ. ಗೋಡೆ ಮೇಲಿಂದು ತೆಗೀಲಿಕ್ಕೆ.”

ಮಂಜಿ ವಿವರಿಸಿದಳು. “ಜೀವ ಇದ್ದಂಗೇ ಅದೆ. ಬಂದವರೆಲ್ಲ ಮಾವ ಹೋದ ಅಂದ್ಕಂಡು ಹೂ ಏರಿಸ್ತಾರೆ, ಅಳ್ತಾರೆ. ನೀವೇ ಅಲ್ವೋ, ಯಾರೂ ಮುಟ್ಟಬೇಡಿ, ಗಾಜು ಒಡೀತದೆ, ತೆಗೆಯೂದಿದ್ರೆ ನನ್ನ ಕರೀರಿ ಅಂದದ್ದು?”

ದೇವಿದಾಸ ಮೊಳೆ ಕಿತ್ತು, ಅವರಿಗೆ ಬೇಡವಾದ ಫೋಟೋವನ್ನು ಬಗಲಿಗೆ ಹಾಕಿಕೊಂಡ.

ಸಂಜೆಯ ಮೋಟಾರಿನಲ್ಲಿ ಅವನ ತೊಡೆಯ ಮೇಲೆ ಕಟ್ಟು ಹಾಕಿದ ಹೊನ್ನಜ್ಜನಿದ್ದ. ಅದನ್ನು ಕಂಡು ಜನ ಎದ್ದು ಜಾಗ ಕೊಟ್ಟರು. ಮೀನಿನವಳೂ ಬುಟ್ಟಿ ಸರಿಸಿ ಕೈ ಮುಗಿದಳು. ಪಕ್ಕದಲ್ಲಿದ್ದ, ಬಿಣಗಾ ಊರಿನ ಬೀರು ಎಂಬವನು ಮಾತ್ರ ಫೋಟೋವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ.

“ಯಾರು ತೆಗೆದದ್ದು?”

“ನಾನೇ.”

“ನಮ್ಮ ಅಪ್ಪಂದೂ ಒಂದು ತೆಗೀಬೇಕಿತ್ತು. ಯಾವಾಗ ಬರ್ತ್ರಿ?”

ದೇವಿದಾಸನ ಮೈ ಉರಿದುಹೋಯಿತು. “ಅದಕ್ಕೆ ನಾನೇ ಬರಬೇಕೋ? ಮನೇಲಿ ಸುತ್ತಿಗೆ ಇಲ್ವೋ?” ಎಂದು ಮುಖ ತಿರುಗಿಸಿದ.

ಬಿಣಗಾದಲ್ಲಿ ಇಳಿದ ಬೀರು ಕಂಡಕ್ಟರನಿಗೆ ಹೇಳಿದ: “ಕೆಲಸ ಬಂಗಾರ, ತಲೆ ಸರಿ ಇಲ್ಲ. ಅಪ್ಪ ಇಷ್ಟು ವರ್ಷದಲ್ಲಿ ಒಂದೂ ಫೋಟೋ ತೆಗೆಸಿದವನಲ್ಲ. ಅದಕ್ಕೆ ಸುತ್ತಿಗೆ ಬೇಕಂತೆ.”

ಮೋಟಾರು ಹೊರಟಿತು. “ನಿಲ್ಸಿ, ನಿಲ್ಸಿ,” ಎಂದು, ಆ ಮಾತು ಕಿವಿಗೆ ಬಿದ್ದ ದೇವಿದಾಸ ಎದ್ದು ಬಾಗಿಲಿಗೆ ನುಗ್ಗಿದ.

“ಪಾಪ, ದುಃಖ ತಡಿಲಿಕ್ಕೆ ಆಗೂದಿಲ್ಲ,” ಎಂದು ನಾಲ್ಕು ಜನ ಅವನನ್ನು ಹಿಡಿದು ಕೂರಿಸಿ, ಕಾರವಾರದವರೆಗೂ ಬೆನ್ನು ಸವರುತ್ತ ಕರೆತಂದರು.