ಗುದ್ಲೆಪ್ಪನ ಪ್ರಶ್ನೋತ್ತರ

ಹತ್ತಿಮತ್ತೂರು ಪಂಚಾಯತಿಯ ಅಧ್ಯಕ್ಷ ಗುದ್ಲೆಪ್ಪ ಬೆಂಗಳೂರಿಗೆ ಹೋಗಿ ಬಂದದ್ದೇ ಎಲ್ಲಕ್ಕೂ ಮೂಲವಾಯಿತು. ಹೊಸ ವಿಧಾನಸೌಧದ ಗ್ಯಾಲರಿಯಲ್ಲಿ ಅವನು ಕೂತಿದ್ದಾಗ, ಯಾರೋ ಹಳ್ಳಿಯ ಕಡೆಯ ಶಾಸಕರ ಪ್ರಶ್ನೆಗೆ ದೊಡ್ಡ ಮಂತ್ರಿಯೊಬ್ಬರು ಎದ್ದು ನಿಂತು, ಮಾವನ ಮನೆಗೆ ಮೊದಲ ಸಲ ಬಂದ ಅಳಿಯನಂತೆ ತಡವರಿಸುತ್ತ ಉತ್ತರ ಕೊಟ್ಟರು. ನಮ್ಮ ವೋಟಿಗೆ ಇಷ್ಟು ತಾಕತ್ತೇ ಎಂದು ಗುದ್ಲೆಪ್ಪನ ಎದೆ ಉಬ್ಬಿತು.

ಊರಿಗೆ ಬಂದ ಮರುದಿನ ಬೆಳಿಗ್ಗೆಯೇ ಸಭೆ. ಇಲ್ಲೂ ಇನ್ನು ಮುಂದೆ ಸದಸ್ಯರು ಪ್ರಶ್ನೆ ಕೇಳಬೇಕು, ತಾನು ನಿಂತು ಉತ್ತರಿಸಬೇಕು ಎಂದು ಸಾರಿದ. ಸೆಕ್ರೆಟರಿ ಇಸ್ಮಾಯಿಲಸಾಬರು ಬೇಡವೆಂದು ಕಣ್ಸನ್ನೆ ಮಾಡಿದರೂ ಲಕ್ಷ್ಯ ಕೊಡಲಿಲ್ಲ.

ಬೀದಿಯ ಕಂದೀಲು ಅಧ್ಯಕ್ಷರ ಮನೆ ಮುಂದೆ ಮಾತ್ರ ಯಾಕೆ ಉರಿಯುತ್ತದೆ ಎಂದು ಗಿರಿಯಪ್ಪ ಕೇಳಿದ. ವಿಚಾರಿಸಿ ಹೇಳುತ್ತೇನೆ ಎಂದ ಗುದ್ಲೆಪ್ಪ. ಗಟಾರ ಅದೇ ಮನೆಯ ಹತ್ತಿರ ಬಂದು ಯಾಕೆ ಡೊಂಕಾಯಿತು ಎಂದ ಇನ್ನೊಬ್ಬ. ಅದನ್ನೂ ವಿಚಾರಿಸಬೇಕಾಯಿತು. ಕಿಟಕಿಯ ಹೊರಗೆ ಜನ ಸೇರಿದರು. ಅಷ್ಟರಲ್ಲಿ, ಈವರೆಗೆ ಸುಮ್ಮನೆ ಸಹಿ ಮಾಡಿ ಎದ್ದು ಹೋಗುತ್ತಿದ್ದ ಸದಸ್ಯೆ ಹೊಳೆವ್ವ ಬಾಯಿ ತೆರೆದಳು.

"ಮಂತ್ರಿ ನೆಟ್ಟಗ ಉತ್ತರಾ ಕೊಡಲಿಲ್ಲಂದ್ರ ಅಲ್ಲಿ ಏನ್ ಮಾಡ್ತಾರ್ರಿ?"

ತಿಳಿದದ್ದನ್ನು ಹೇಳುವ ಹುಮ್ಮಸ್ಸಿನಲ್ಲಿ ಗುದ್ಲೆಪ್ಪ, "ಅವಿಶ್ವಾಸ ತರ್ತಾರವ್ವ. ಎತ್ತಿದ ಕೈ ಹೆಚ್ಚಾದ್ರ ಸರಕಾರನ ಬೀಳ್ತೈತಿ," ಎಂದುಬಿಟ್ಟ.

ಹೊಳೆವ್ವ ಕೈ ಎತ್ತಿದಳು. ಗಿರಿಯಪ್ಪನೂ ಎತ್ತಿದ. ನೋಡುನೋಡುತ್ತಿದ್ದಂತೆ ಗುದ್ಲೆಪ್ಪನದೊಂದು ಬಿಟ್ಟು ಉಳಿದ ಕೈಗಳೆಲ್ಲ ಜೋಳದ ತೆನೆಗಳಂತೆ ಮೇಲೆದ್ದವು.

ಕೋರ್ಟಿಗೆ ಹೋಗುತ್ತೇನೆಂದು ಗುಡುಗಿ ಅವನು ಸವಣೂರಿನ ಬಸ್ಸು ಹತ್ತಿದ. ವಕೀಲ ಚನ್ನವೀರಪ್ಪನವರು ಎಲ್ಲ ಕೇಳಿಸಿಕೊಂಡು ಹೇಳಿದರು: "ನಿಮ್ಮನ್ನ ಯಾಕ ಇಳಿಸಿದ್ರು ಅಂತ ಕೋರ್ಟು ಕೇಳೂದಿಲ್ಲ, ಅದು ಸಭಾದವರ ಹಕ್ಕು. ಕಾಯ್ದೆ ಪ್ರಕಾರ ಇಳಿಸ್ಯಾರೇನು, ಅಷ್ಟ ನೋಡ್ತೈತಿ. ಮೊದ್ಲ ನೋಟೀಸು ಕೊಟ್ಟಿಲ್ಲ. ಹಂಗಾಗಿ ನೀವು ಇನ್ನೂ ಅಧ್ಯಕ್ಷರ ಅದೀರಿ."

ಸಂಜೆ ಗುದ್ಲೆಪ್ಪ ಸವಣೂರಿನ ಕುರುಕುಲು ಖಾರದ ಪೊಟ್ಟಣ ಹಿಡಿದು ಬಂದು, ವಕೀಲರ ಮಾತನ್ನು ಸದಸ್ಯರೆದುರು ಸಾರಿದ. ಕಾಯ್ದೆ ಹಾಗಿದ್ದರೆ ಸರಿಯೇ ಎಂದು ಒಪ್ಪಿ, ಎಲ್ಲರೂ ಖಾರ ತಿಂದರು. ಆಮೇಲೆ ಹೊಳೆವ್ವ ಕೈ ಒರೆಸಿಕೊಂಡು, ಮಧ್ಯಾಹ್ನವೇ ಇಸ್ಮಾಯಿಲಸಾಬರಿಂದ ನಿಯಮ ಕೇಳಿ ಬರೆಸಿ ಎಲ್ಲರೂ ಸಹಿ ಹಾಕಿದ್ದ ನೋಟೀಸನ್ನು ಅವನ ಕೈಗಿತ್ತಳು.

"ಅವಿಶ್ವಾಸದ ಸಭಾನ ಅಧ್ಯಕ್ಷರ ಕರೀಬೇಕಂತರಿ. ನೀವ ಅಧ್ಯಕ್ಷರದೀರಿ, ಕರೀರಿ."

ಗುದ್ಲೆಪ್ಪ ಮತ್ತೆ ಮತ್ತೆ ಓದಿದ. ಒಂದು ತಪ್ಪೂ ಸಿಗಲಿಲ್ಲ. ಸಿಟ್ಟೇನೋ ಬಂತು, ಆದರೆ ತನ್ನ ಊರು ಒಂದೇ ದಿನದಲ್ಲಿ ಇಷ್ಟೆಲ್ಲ ಕಲಿಯಿತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಮೀಸೆ ನೀವಿಕೊಂಡು, ತನ್ನನ್ನು ಇಳಿಸುವ ಸಭೆಗೆ ಊರೆಲ್ಲ ಡಂಗುರ ಹೊಡೆಸಲು ಅಪ್ಪಣೆ ಕೊಟ್ಟ.